ಒಂದು ನಲ್ಲಿ, ಎಂಟು ಮನೆ

ಮೈಸೂರಿನ ಚಾಮರಾಜಪುರಂ ರೈಲ್ವೆ ಸ್ಟೇಷನ್ನಿಗೆ ಕೂಗಳತೆಯ ದೂರದಲ್ಲಿ ನಮ್ಮ ವಠಾರವಿತ್ತು. ಬೀದಿಗೊಂದು ಮರದ ಗೇಟು, ಒಳಗೆ ಉದ್ದಕ್ಕೆ ಓಣಿ, ಓಣಿಯ ಎರಡೂ ಬದಿಗೆ ನಾಲ್ಕು ನಾಲ್ಕು ಮನೆ, ನಟ್ಟನಡುವೆ ನಲ್ಲಿ, ಕೊನೆಯಲ್ಲಿ ಬಾವಿ, ಬಾವಿಯ ಪಕ್ಕದಲ್ಲಿ ಸಂಪಿಗೆ ಮರ. ಮೇಲೆ ಮಂಗಳೂರು ಹೆಂಚು, ಒಳಗೆ ರೆಡ್ ಆಕ್ಸೈಡ್ ನೆಲ. ಪ್ರತಿ ಮನೆಯ ಮುಂದೆಯೂ ಮೊಣಕಾಲೆತ್ತರದ ಒಂದು ಜಗಲಿ. ನಡುಮನೆ, ಒಂದು ಕೋಣೆ, ಅಡಿಗೆಮನೆ, ಅಷ್ಟೇ. ಅದರಲ್ಲೇ ಆರು ಜನ, ಏಳು ಜನ. ಎಪ್ಪತ್ತರ ದಶಕದ ಮೈಸೂರಿನಲ್ಲಿ ಅಗ್ರಹಾರ, ಕೃಷ್ಣಮೂರ್ತಿಪುರಂ, ಚಾಮರಾಜಪುರಂ ಕಡೆ ಇಂಥ ವಠಾರಗಳಿಗೆ ಲೆಕ್ಕವಿರಲಿಲ್ಲ. ಅಲ್ಲಿ ಬೆಳೆದವರು ಈಗಲೂ ಎಲ್ಲಾದರೂ ಮದುವೆ ಮನೆಯಲ್ಲಿ ಸಿಕ್ಕರೆ ಊಟದ ಎಲೆ ಒಣಗುವವರೆಗೂ ಮಾತು ಮುಗಿಯುವುದಿಲ್ಲ. ಏಕೆ ಹಾಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ನಾವು ವಿಶೇಷವಾಗಿ ಒಳ್ಳೆಯ ಜನರೇನೂ ಆಗಿರಲಿಲ್ಲ, ಅನುಕೂಲಸ್ಥರಂತೂ ಅಲ್ಲವೇ ಅಲ್ಲ. ಆದರೂ ನೆಮ್ಮದಿಯಿತ್ತು. ಆ ನೆಮ್ಮದಿಯಲ್ಲಿ ಅರ್ಧ ಭಾಗವನ್ನು ಆ ಓಣಿ, ಆ ನಲ್ಲಿ, ಆ ಜಗಲಿಗಳೇ ನಮಗೆ ಕೊಟ್ಟವು ಎಂಬುದು ನನ್ನ ನಂಬಿಕೆ.

ನಮ್ಮ ದಿನಕ್ಕೆ ಗಡಿಯಾರ ಬೇಕಿರಲಿಲ್ಲ. ನಂಜನಗೂಡಿನ ಕಡೆಯಿಂದ ಬರುವ ಮೀಟರ್ ಗೇಜಿನ ಪ್ಯಾಸೆಂಜರ್ ರೈಲು ಕೂಗಿದಾಗ ಅಮ್ಮ ಒಲೆ ಹಚ್ಚುತ್ತಿದ್ದಳು. ಬೆಳಿಗ್ಗೆ 6:55ಕ್ಕೆ ಆಕಾಶವಾಣಿಯ ಸಂಸ್ಕೃತ ವಾರ್ತೆ ಶುರುವಾದರೆ ಹಾಸಿಗೆಯಲ್ಲಿ ಉಳಿಯುವ ಹಕ್ಕು ಯಾವ ಹುಡುಗನಿಗೂ ಇರಲಿಲ್ಲ. ರೇಡಿಯೊ ಇದ್ದದ್ದು ಮೂರು ಮನೆಯಲ್ಲಿ, ಕೇಳುತ್ತಿದ್ದದ್ದು ಎಂಟು ಮನೆಯವರು. ರೈಲ್ವೆ ವರ್ಕ್‌ಶಾಪಿನ ಸೈರನ್ ಕೂಗಿದರೆ ಎದುರು ಮನೆಯ ಫಿಟ್ಟರ್ ಮಾವ ಊಟದ ಡಬ್ಬಿಯನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೊರಟಾಗಿರುತ್ತಿತ್ತು. ಗಾಳಿ ಮಾನಂದವಾಡಿ ರಸ್ತೆಯ ಕಡೆಯಿಂದ ಬೀಸಿದರೆ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯ ಪರಿಮಳ ಓಣಿಯೊಳಗೂ ಬರುತ್ತಿತ್ತು. ಹೀಗೆ, ಇನ್ನು ಸ್ವಲ್ಪ ಹೊತ್ತಿಗೆ ಏನಾಗುತ್ತದೆ ಎಂದು ಗೊತ್ತಿರುವುದರಲ್ಲಿ ಒಂದು ಸಮಾಧಾನವಿದೆ. ಆಗ ಅದು ನಮಗೆ ತಿಳಿಯಲಿಲ್ಲ. ರಾತ್ರಿ ಹನ್ನೊಂದಕ್ಕೆ ಊಟ ಮಾಡಿ, ಒಂದಕ್ಕೆ ಮಲಗಿ, ಎದ್ದ ಕೂಡಲೇ ಫೋನು ಹುಡುಕುವ ಈಗಿನ ದಿನಗಳಲ್ಲಿ ಅದರ ಬೆಲೆ ಗೊತ್ತಾಗುತ್ತಿದೆ.

ನಲ್ಲಿಯ ವಿಷಯಕ್ಕೆ ಬರುತ್ತೇನೆ. ಕಾರ್ಪೊರೇಷನ್ ನೀರು ಬೆಳಗಿನ ಜಾವ ಬರುತ್ತಿತ್ತು, ಎರಡು ಗಂಟೆ ಇರುತ್ತಿತ್ತು, ನಿಲ್ಲುತ್ತಿತ್ತು. ಅಷ್ಟರಲ್ಲಿ ಎಂಟು ಮನೆಯ ಹಂಡೆ, ಕೊಡ, ಡ್ರಮ್ಮು ತುಂಬಬೇಕು. ಜಗಳವೂ ಆಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಜಗಳಕ್ಕಿಂತ ಹೆಚ್ಚಾಗಿ ಅಲ್ಲಿ ನಡೆಯುತ್ತಿದ್ದದ್ದು ವಿಚಾರಣೆ. "ಯಾಕಮ್ಮಾ, ಮುಖ ಸಪ್ಪಗಿದೆ?" "ರಾತ್ರಿಯೆಲ್ಲ ಮಗು ಅಳ್ತಿತ್ತಲ್ಲ, ಹೊಟ್ಟೆನೋವೇನೋ, ಓಮದ ನೀರು ಕೊಡ್ರೀ." "ನಿಮ್ಮ ಯಜಮಾನರು ಇನ್ನೂ ಬಂದಿಲ್ವೇ ಊರಿಂದ?" ಒಂದು ಮನೆಯ ಕೊಡ ಸಾಲಿನಲ್ಲಿ ಕಾಣದಿದ್ದರೆ ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದೇ ಅರ್ಥ. ಐದು ನಿಮಿಷದೊಳಗೆ ಯಾರಾದರೂ ಬಾಗಿಲು ತಟ್ಟಿರುತ್ತಿದ್ದರು, ಆ ಮನೆಯ ಕೊಡವನ್ನು ಇನ್ಯಾರೋ ತುಂಬಿಸಿಟ್ಟಿರುತ್ತಿದ್ದರು. ಇದನ್ನು ಯಾರೂ ಉಪಕಾರವೆಂದು ತಿಳಿದಿರಲಿಲ್ಲ. ನೀರಿಗೆ ಬಂದವರು ಮಾಡುವ ಕೆಲಸ ಅದು, ಅಷ್ಟೇ.

ಇನ್ನು ಬಟ್ಟಲುಗಳು. ಎಂಟೂ ಮನೆಯ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತಿತ್ತು. ಪಾತ್ರೆ ಅಂಗಡಿಯವನು ಸಣ್ಣ ಮಿಷನ್ನು ಹಿಡಿದು ಚುಕ್ಕಿ ಚುಕ್ಕಿಯಾಗಿ ಬರೆದುಕೊಡುತ್ತಿದ್ದ, ಯಜಮಾನರ ಇನಿಷಿಯಲ್ಲು, ತಾರೀಖು ಸಹಿತ. ಏಕೆಂದರೆ ನಮ್ಮ ಬಟ್ಟಲು ನಮ್ಮ ಮನೆಯಲ್ಲಿ ಇರುವುದೇ ಅಪರೂಪವಾಗಿತ್ತು. ಇವತ್ತು ನಮ್ಮ ಹಾಗಲಕಾಯಿ ಗೊಜ್ಜು ಮೂರನೇ ಮನೆಗೆ ಹೋದರೆ ನಾಳೆ ಆ ಬಟ್ಟಲಿನಲ್ಲಿ ಅವರ ಮನೆಯ ಹುಳಿಯವಲಕ್ಕಿ ಬರುತ್ತಿತ್ತು. ಕೊಡಲು ಏನೂ ಇಲ್ಲದ ದಿನ ಬಟ್ಟಲನ್ನು ಬರಿದಾಗಿ ಕೊಡಬಾರದೆಂದು ತಳದಲ್ಲಿ ಒಂದು ಚಮಚ ಸಕ್ಕರೆ. ಅದನ್ನು ಮನೆಗೆ ತರುವ ದಾರಿಯಲ್ಲೇ ಬೆರಳದ್ದಿ ನೆಕ್ಕುವುದು ನಮ್ಮ ಹಕ್ಕು. ನನ್ನ ಅಮ್ಮ ತೀರಿಕೊಂಡ ಮೇಲೆ ಅಡಿಗೆಮನೆಯ ಮೇಲಿನ ಅಟ್ಟವನ್ನು ಖಾಲಿ ಮಾಡುವಾಗ ಒಂದು ಅಂಚು ಸೊಟ್ಟಗಾದ ಬಟ್ಟಲು ಸಿಕ್ಕಿತು. ಅದರ ಮೇಲೆ ಕೊರೆದಿದ್ದ ಹೆಸರು ನಮ್ಮದಲ್ಲ, ಫಿಟ್ಟರ್ ಮಾವನದು. ಅವರ ಮಗಳಿಗೆ ಫೋನು ಮಾಡಿ ಹೇಳಿದರೆ, "ನಿಮ್ಮದೂ ಎರಡು ನಮ್ಮಲ್ಲಿದೆ, ಇರಲಿ ಬಿಡು" ಎಂದಳು.

ಜಗಲಿಯ ಕಲ್ಲಿನ ಮೇಲೆ ಯಾರೋ ಯಾವುದೋ ಕಾಲದಲ್ಲಿ ಉಳಿಯಿಂದ ಚೌಕಾಬಾರದ ಮನೆಗಳನ್ನು ಕೊರೆದಿದ್ದರು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರ ಆಟ, ಸಂಜೆ ಮಕ್ಕಳ ಆಟ, ರಾತ್ರಿ ಕರೆಂಟು ಹೋದರೆ ಎಲ್ಲರ ಆಟ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಅರ್ಧಕ್ಕೆ ತೇಯ್ದುಕೊಳ್ಳುತ್ತಿದ್ದೆವು. ಜಗಲಿಯ ವಿಶೇಷವೇನೆಂದರೆ ಅದು ಮನೆಯೂ ಅಲ್ಲ, ಬೀದಿಯೂ ಅಲ್ಲ. ಅಲ್ಲಿ ಕುಳಿತವರನ್ನು ಮಾತನಾಡಿಸಲು ಬಾಗಿಲು ತಟ್ಟಬೇಕಿಲ್ಲ, ಅವರು ಕಾಫಿ ಕೊಡಬೇಕಿಲ್ಲ, ಮಾತು ಸಾಕೆನಿಸಿದರೆ ಎದ್ದು ಒಳಗೆ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಂಕೋಚದ ಸ್ವಭಾವದವರಿಗೂ ಜನರ ಸಹವಾಸ ಸಿಗುವಂತೆ ಮಾಡಿದ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಅಪ್ಪ ಮಾತು ಕಡಿಮೆಯ ಮನುಷ್ಯ. ಯಾರ ಮನೆಗೂ ಹೋದವರಲ್ಲ. ಆದರೆ ಕಚೇರಿಯಿಂದ ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಅರ್ಧ ಗಂಟೆ ಕೂರುತ್ತಿದ್ದರು. ಹಾದುಹೋಗುವವರು "ಏನ್ ಸಾರ್, ಆಯ್ತಾ ಕಾಫಿ?" ಎನ್ನುತ್ತಿದ್ದರು, ಇವರು "ಆಯ್ತು, ನಿಮ್ಮದು?" ಎನ್ನುತ್ತಿದ್ದರು. ಆ ನಾಲ್ಕು ಮಾತು ಅವರಿಗೆ ದಿನಕ್ಕೆ ಸಾಕಾಗುತ್ತಿತ್ತು. ನಿವೃತ್ತಿಯಾದ ಮೇಲೆ ಹೊಸ ಬಡಾವಣೆಯ ಸ್ವಂತ ಮನೆಗೆ ಹೋದೆವು. ಸುತ್ತ ಕಾಂಪೌಂಡು, ಮುಂದೆ ಗ್ರಿಲ್ಲು. ಅಪ್ಪ ಆ ಗ್ರಿಲ್ಲಿನ ಹಿಂದೆ ಕುರ್ಚಿ ಹಾಕಿಕೊಂಡು ಅದೇ ಹೊತ್ತಿಗೆ ಕೂರುತ್ತಿದ್ದರು. ಬೀದಿಯಲ್ಲಿ ಹೋಗುವವರಿಗೆ ಅವರು ಕಾಣುತ್ತಿರಲಿಲ್ಲ.

ಮೈಸೂರು ಜನರ ನೆಮ್ಮದಿಗೆ ಒದಗುವಂತೆ ಇದ್ದದ್ದು ಆಕಸ್ಮಿಕವೇನಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಹಳೆಯ ಕೇರಿಗಳು ಸಾವಿನ ಮನೆಗಳಾದವು. ಆಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ನಡುನಡುವೆ ಪಾರ್ಕು, ಸಾಲುಮರ, ಎಲ್ಲವೂ ಗಾಳಿ ಬೆಳಕು ಆಡಲೆಂದು ಯೋಚಿಸಿ ಮಾಡಿದ್ದು. ಆರೋಗ್ಯವೆಂಬುದು ಆಸ್ಪತ್ರೆಯಲ್ಲಿ ಮಾತ್ರ ಇಲ್ಲ, ಬೀದಿಯ ಅಗಲದಲ್ಲೂ ಇದೆ ಎಂದು ಆ ಕಾಲದ ಆಡಳಿತಕ್ಕೆ ಗೊತ್ತಿತ್ತು. ನಮ್ಮ ವಠಾರ ಬಡವರದ್ದಾದರೂ ಗೇಟು ದಾಟಿದರೆ ನಮಗೂ ಆ ಅಗಲ ರಸ್ತೆ, ಆ ಮರಗಳ ನೆರಳು ಸಿಗುತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗುತ್ತಿದ್ದೆವು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಹೊಲಗಳ ನೀರಿಗೆಂದು ಆದದ್ದು, ಕಾಲಾಂತರದಲ್ಲಿ ಇಡೀ ಊರಿನ ಮನಸ್ಸಿಗೆ ನೀರುಣಿಸಿತು. ಕುವೆಂಪು ಅವರು ಈ ಕೆರೆಯ ದಂಡೆಯ ಮೇಲೆ ವರ್ಷಗಟ್ಟಲೆ ನಡೆದವರು, ಅದರ ಮೇಲೆ ಕವಿತೆ ಬರೆದವರು. ಅಪ್ಪ ಅಲ್ಲಿ ಪ್ರತಿ ಸಲ ಅದೇ ಜಾಗದಲ್ಲಿ ನಿಂತು ಹೆಜ್ಜಾರ್ಲೆಗಳನ್ನು ತೋರಿಸುತ್ತಿದ್ದರು. ಅಷ್ಟು ದೊಡ್ಡ ಹಕ್ಕಿ ಅಷ್ಟು ನಿಧಾನವಾಗಿ ನೀರಿಗಿಳಿಯುವುದನ್ನು ನೋಡುತ್ತಾ ನಿಂತರೆ ಮನೆಯಲ್ಲಿ ಆಗಿದ್ದ ಬೈಗುಳ, ಪರೀಕ್ಷೆಯ ಹೆದರಿಕೆ ಎಲ್ಲ ಮರೆತುಹೋಗುತ್ತಿತ್ತು. ಮರಳಿ ಬರುವಾಗ ಅಪ್ಪ ಸಾಮಾನ್ಯ ದಿನಕ್ಕಿಂತ ಹೆಚ್ಚು ಮಾತನಾಡುತ್ತಿದ್ದರು. ಅವರ ಬಾಲ್ಯದ ಕತೆಗಳೆಲ್ಲ ನನಗೆ ತಿಳಿದದ್ದು ಆ ದಾರಿಯಲ್ಲೇ.

ಚಾಮರಾಜಪುರಂ ಎಂದಮೇಲೆ ತ್ರಿವೇಣಿಯವರ ಹೆಸರು ಹೇಳದೆ ಹೋಗುವುದು ಹೇಗೆ? ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದ ಆಕೆ ಬದುಕಿದ್ದು ನಮ್ಮ ಬಡಾವಣೆಯಲ್ಲೇ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ನಮ್ಮ ಕಾಲಕ್ಕೆ ಅವರು ಇರಲಿಲ್ಲ, ಆದರೆ ಅವರ ಕಾದಂಬರಿಗಳು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಂದು ವಠಾರದ ಎಂಟೂ ಮನೆ ಸುತ್ತಿ, ಅಂಚು ಮಡಚಿಕೊಂಡು ವಾಪಸು ಹೋಗುತ್ತಿದ್ದವು. "ಶರಪಂಜರ"ವನ್ನು ನಮ್ಮ ಅಮ್ಮ ಎಷ್ಟು ಸಲ ಓದಿದ್ದಳೋ. ಬಾಣಂತನದ ನಂತರ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ನಾಯಕಿ ಕಾವೇರಿ ಗುಣವಾಗಿಯೇ ಮನೆಗೆ ಮರಳುತ್ತಾಳೆ. ಗುಣವಾಗದೇ ಉಳಿದದ್ದು ಮನೆ. ಗಂಡನ ನಡತೆ, ನೆರೆಯವರ ಅನುಮಾನದ ನೋಟ, ಪಿಸುಮಾತು ಸೇರಿ ಆಕೆಯನ್ನು ಮತ್ತೆ ಅದೇ ಕತ್ತಲೆಗೆ ತಳ್ಳುತ್ತವೆ. ಅದೇ ಕಾದಂಬರಿಯ ಮೇಲೆ ಪುಟ್ಟಣ್ಣ ಕಣಗಾಲರ ಸಿನಿಮಾ 1971ರಲ್ಲಿ ಬಂತು. ಕಲ್ಪನಾ ಅವರ ಅಭಿನಯ ನೋಡಿ ಅತ್ತುಕೊಂಡು ಬಂದ ನಮ್ಮ ವಠಾರದ ಹೆಂಗಸರು ಒಂದು ವಾರ ನಲ್ಲಿಯ ಹತ್ತಿರ ಅದನ್ನೇ ಮಾತನಾಡಿದರಂತೆ. ಒಬ್ಬರ ಮನಸ್ಸು ನೆಟ್ಟಗಿರುವುದು ಅವರ ಕೈಯಲ್ಲಿ ಮಾತ್ರ ಇಲ್ಲ, ಸುತ್ತಲಿನವರ ಕೈಯಲ್ಲೂ ಇದೆ ಎಂದು ತ್ರಿವೇಣಿ ಬರೆದದ್ದನ್ನು ಅವರು ಪಾಠವಾಗಿ ಅಲ್ಲ, ತಮ್ಮದೇ ಮನೆಯ ಸುದ್ದಿಯಾಗಿ ಓದಿಕೊಂಡರು.

ಓದಿದ್ದು ಕೈಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಐದನೇ ಮನೆಗೆ ಸೊಸೆಯಾಗಿ ಬಂದ ಅಕ್ಕನಿಗೆ ಚೊಚ್ಚಲ ಮಗು ಉಳಿಯಲಿಲ್ಲ. ತವರಿನಿಂದ ವಾಪಸು ಬಂದವಳು ಮಾತು ಬಿಟ್ಟಳು. ತಲೆ ಬಾಚುತ್ತಿರಲಿಲ್ಲ, ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಕೋಣೆಯ ಗೋಡೆಗೆ ಒರಗಿ ಕುಳಿತರೆ ಸಂಜೆಯವರೆಗೂ ಹಾಗೇ. ಕೊನೆಮನೆಯ ಅಜ್ಜಿ ಒಂದು ದಿನ ನೆನೆಸಿದ ಅವರೆಕಾಳಿನ ಪಾತ್ರೆ ಎತ್ತಿಕೊಂಡು ಅವಳ ಜಗಲಿಗೆ ಹೋದರು. "ಬಾರೇ ಇಲ್ಲಿ, ನನ್ನ ಬೆರಳು ಕೂಡೋದಿಲ್ಲ. ಇದಿಷ್ಟು ಹಿತುಕಿಕೊಡು" ಎಂದರು. ಸಮಾಧಾನದ ಮಾತಿಲ್ಲ, ಬುದ್ಧಿವಾದವಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಮೊದಲ ದಿನ ಅಕ್ಕ ತಲೆಯೆತ್ತದೆ ಹಿತುಕಿದಳು. ಮರುದಿನ ಅಜ್ಜಿ ಮತ್ತೆ ಬಂದರು, ಜೊತೆಗೆ ಇನ್ನಿಬ್ಬರು. ಅವರೆಯ ಕಾಲ ಮುಗಿಯುವವರೆಗೂ ಇದು ನಡೆಯಿತು. ಅಷ್ಟು ಹಿತಕಿದ ಬೇಳೆಯ ಹುಳಿಯನ್ನು ನಾವು ಹಿಂದೆಂದೂ ಉಂಡಿರಲಿಲ್ಲ. ನಡುವೆ ಯಾವಾಗಲೋ, ಒಂದು ಬೇಳೆ ಪುಟಿದು ಅಜ್ಜಿಯ ಕನ್ನಡಕಕ್ಕೆ ಬಡಿದಾಗ ಅಕ್ಕ ನಕ್ಕುಬಿಟ್ಟಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಶಿವರಾತ್ರಿಯ ಹೊತ್ತಿಗೆ ಅವಳ ಕೊಡ ನಲ್ಲಿಯ ಸಾಲಿಗೆ ಬಂತು. ಮಂಕು ಕವಿದವರಿಗೆಲ್ಲ ಇಷ್ಟೇ ಸಾಕೆಂದು ನಾನು ಹೇಳುತ್ತಿಲ್ಲ. ವೈದ್ಯರು ಬೇಕಾದಲ್ಲಿ ವೈದ್ಯರೇ ಬೇಕು. ಆದರೆ ಅವಳನ್ನು ಕೋಣೆಯಿಂದ ಜಗಲಿಗೆ, ಜಗಲಿಯಿಂದ ನಲ್ಲಿಗೆ ಕರೆತಂದದ್ದು ಆ ಪಾತ್ರೆಯೇ.

ಇದೇ ರೀತಿ ನನ್ನ ಸ್ವಂತ ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದಾಗ ಅಮ್ಮ ಮಂಚವನ್ನು ಒಳಕೋಣೆಯಿಂದ ನಡುಮನೆಯ ಕಿಟಕಿಯ ಬಳಿಗೆ ಎಳೆದಳು. ಕಿಟಕಿಯಿಂದ ಸಂಪಿಗೆ ಮರ ಕಾಣುತ್ತಿತ್ತು, ನೀರಿಗೆ ಹೋಗುವ ಬರುವವರೆಲ್ಲ ಕಾಣುತ್ತಿದ್ದರು. ಅಜ್ಜಿ ಮಲಗಿದ್ದಲ್ಲಿಂದಲೇ ವಠಾರದ ಹಾಜರಿ ತೆಗೆದುಕೊಳ್ಳುತ್ತಿದ್ದರು. ಬಹಳ ವರ್ಷಗಳ ಮೇಲೆ ನಾನು ಒಂದು ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬವರು 1984ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ನೋವಿಗೆಂದು ಅವರಿಗೆ ಬಲವಾದ ಔಷಧಗಳೂ ಕಡಿಮೆ ಬೇಕಾದವು. ಅದನ್ನು ಓದುವಾಗ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚ ಎಳೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ಹಾರ್ವರ್ಡಿನಲ್ಲಿ 1938ರಲ್ಲಿ ಶುರುವಾಗಿ ದಶಕಗಳ ಕಾಲ ಅದೇ ಜನರನ್ನು ಹಿಂಬಾಲಿಸಿದ ಅಧ್ಯಯನವೂ ಮುಪ್ಪಿನ ಆರೋಗ್ಯಕ್ಕೆ ಹಣ, ಹೆಸರಿಗಿಂತ ಆಪ್ತ ಸಂಬಂಧಗಳೇ ಹೆಚ್ಚಿನ ಆಧಾರವೆಂದು ಹೇಳಿತು. ಇದನ್ನು ಹೇಳಲು ನಮ್ಮ ಅಜ್ಜಿಗೆ ಅಧ್ಯಯನ ಬೇಕಿರಲಿಲ್ಲ. ನಮಗೆ ಬೇಕು, ಏಕೆಂದರೆ ನಾವು ಅದನ್ನು ಮರೆತಿದ್ದೇವೆ.

ಆ ಕಾಲವೆಲ್ಲ ಚಿನ್ನ ಎಂದು ಬರೆದರೆ ಸುಳ್ಳಾಗುತ್ತದೆ. ಎಂಟು ಮನೆಗೆ ಎರಡೇ ಕಕ್ಕಸು, ಮಳೆಗಾಲದಲ್ಲಿ ಅದರ ಕಷ್ಟ ಹೇಳತೀರದು. ಕತ್ತಲಿರುವಾಗಲೇ ಎದ್ದು ನೀರು ಹೊರುತ್ತಿದ್ದವರು ಹೆಂಗಸರು. ಅವರ ಸೊಂಟನೋವಿನ ಮೇಲೆ ನಮ್ಮ ನೆಮ್ಮದಿ ನಿಂತಿತ್ತು. ಬಾಡಿಗೆಗೆ ಮನೆ ಕೇಳಿ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಜಾತಿ ಕೇಳುತ್ತಿದ್ದರು. ಒಳಗೆ ಬಂದವರಿಗೆ ಮಾತ್ರ ಆ ಜಗಲಿ, ಹೊರಗುಳಿದವರಿಗೆ ಅದಿಲ್ಲ. ಅಕ್ಕನಿಗೆ ಅವರೆಕಾಳು ಕೊಟ್ಟ ಅದೇ ವಠಾರ ಇನ್ನೊಬ್ಬ ಹುಡುಗಿಯ ಪ್ರೀತಿಯ ವಿಷಯದಲ್ಲಿ ಬಾಯಿಗೆ ಬಂದಂತೆ ಆಡಿ ಆ ಮನೆಯವರು ರಾತ್ರೋರಾತ್ರಿ ಗಾಡಿ ಕಟ್ಟುವಂತೆ ಮಾಡಿತು. ಎಲ್ಲರಿಗೂ ಎಲ್ಲವೂ ಕಾಣುವ ಜಾಗದಲ್ಲಿ ಕಾಪಾಡುವ ಕಣ್ಣೂ ಇರುತ್ತದೆ, ಚುಚ್ಚುವ ಕಣ್ಣೂ ಇರುತ್ತದೆ. ಆ ಕಷ್ಟ, ಆ ಭೇದ, ಆ ಚುಚ್ಚುವ ಕಣ್ಣು ನಮಗೆ ಮರಳಿ ಬೇಕಾಗಿಲ್ಲ. ಮನೆಮನೆಗೆ ನಲ್ಲಿ ಬಂದದ್ದು ಒಳ್ಳೆಯದೇ ಆಯಿತು. ನೀರಿನ ಜೊತೆ ಸಿಗುತ್ತಿದ್ದ ವಿಚಾರಣೆಗೆ ಬದಲಿ ಏನು ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಮೊದಲು ಮನೆಗೊಂದು ನಲ್ಲಿ, ಆಮೇಲೆ ಮನೆಗೊಂದು ಟಿವಿ. ಮಾಲೀಕರ ಮಕ್ಕಳು ಆಸ್ತಿ ಪಾಲು ಮಾಡಿಕೊಂಡ ಮೇಲೆ ವಠಾರವೇ ಹೋಯಿತು. ಈಗ ಅಲ್ಲೊಂದು ಮೂರಂತಸ್ತಿನ ಕಟ್ಟಡವಿದೆ, ಕೆಳಗೆ ಔಷಧಿ ಅಂಗಡಿ.

ನಾನು ಈಗ ಇರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ. ಇಪ್ಪತ್ತನಾಲ್ಕು ಗಂಟೆ ನೀರು, ಲಿಫ್ಟು, ಕ್ಯಾಮೆರಾ, ಎಲ್ಲ ಇದೆ. ಎದುರು ಮನೆಯವರ ತಾಯಿ ಜಾರಿ ಬಿದ್ದು ಆಸ್ಪತ್ರೆ ಸೇರಿದ್ದು ನನಗೆ ಗೊತ್ತಾದದ್ದು ಅವರು ವಾಪಸು ಬಂದ ಮೇಲೆ, ವಾಟ್ಸಾಪ್ ಗ್ರೂಪಿನಲ್ಲಿ. ಅಂದು ನನಗೆ ಬಹಳ ಬೇಸರವಾಯಿತು. ಅಸೋಸಿಯೇಷನ್ ಮೀಟಿಂಗಿನಲ್ಲಿ ಗೇಟಿನ ಬಳಿಯ ಹೊಂಗೆ ಮರದ ಕೆಳಗೆ ಒಂದು ಕಲ್ಲುಬೆಂಚು ಹಾಕಿಸೋಣ ಎಂದೆ. ಪಾರ್ಕಿಂಗಿಗೆ ಅಡ್ಡ ಎಂದರು ಕೆಲವರು. ಕೊನೆಗೆ ಒಪ್ಪಿದರು. ಸಾದಾ ಸಾದರಹಳ್ಳಿ ಕಲ್ಲಿನ ಬೆಂಚು, ಒರಗಲು ಬೆನ್ನೂ ಇಲ್ಲ. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಕಾಯುವ ತಾಯಂದಿರು ಕೂರುತ್ತಾರೆ. ಹತ್ತರ ನಂತರ ಮನೆಗೆಲಸ ಮುಗಿಸಿದ ಹೆಣ್ಣುಮಕ್ಕಳು ಬುತ್ತಿ ಬಿಚ್ಚುತ್ತಾರೆ. ಸಂಜೆ ಪಿಂಚಣಿದಾರರು, ಅವರ ಜೊತೆ ಒಡಿಶಾದ ಸೆಕ್ಯೂರಿಟಿ ಹುಡುಗ. ನಮ್ಮ ವಠಾರದ ಗೇಟಿನೊಳಗೆ ಬರಲಾಗದೇ ಹೋದವರೆಲ್ಲ ಈ ಬೆಂಚಿನಲ್ಲಿ ಕೂರಬಹುದು ಎಂಬುದು ನನಗೆ ದೊಡ್ಡ ಸಮಾಧಾನ. ಎದುರು ಮನೆಯ ತಾಯಿ ಈಗ ಕೋಲೂರಿಕೊಂಡು ಬಂದು ಅಲ್ಲಿ ಕೂರುತ್ತಾರೆ. "ಏನ್ರೀ, ಎರಡು ದಿನ ಕಾಣಲೇ ಇಲ್ಲ?" ಎಂದು ಮೊನ್ನೆ ನನ್ನನ್ನೇ ವಿಚಾರಿಸಿಕೊಂಡರು.

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಪ್ಲಾನು ಅಖೈರಾಗುವ ಮೊದಲು ಇಂಜಿನಿಯರಿಗೆ ಹೇಳಿ, ನಿಮ್ಮದೇ ಜಾಗದೊಳಗೆ ಬೀದಿಗೆ ಮುಖ ಮಾಡಿ ಎರಡಡಿ ಅಗಲದ ಒಂದು ಜಗಲಿ ಕಟ್ಟಿಸಿ. ಕಲ್ಲಿನದಾದರೆ ಬಾಳಿಕೆ ಬರುತ್ತದೆ. ಮಧ್ಯಾಹ್ನದ ಬಿಸಿಲು ಬೀಳದ ಬದಿ ನೋಡಿಕೊಳ್ಳಿ, ಸಾಧ್ಯವಾದರೆ ಪಕ್ಕದಲ್ಲಿ ಒಂದು ಸಂಪಿಗೆಯನ್ನೋ ಹೊಂಗೆಯನ್ನೋ ನೆಡಿ. ದಯವಿಟ್ಟು ಅದಕ್ಕೆ ಗ್ರಿಲ್ಲು ಹಾಕಿಸಬೇಡಿ.